ಹಳೇ ಕ್ಷಿಪಣಿ ಬಂಕರ್ ಕೊಳ್ಳುವ ಮುಂಚೆ

"ಒಳಗೆ ಸ್ವಲ್ಪ ತೇವ ಇದೆ, ಅಷ್ಟೇ" ಅಂದಿದ್ದರು ಬ್ರೋಕರ್. ಕಾನ್ಸಾಸ್‌ನ ಗೋಧಿ ಹೊಲದ ನಡುವೆ ಒಂದು ಕಾಂಕ್ರೀಟ್ ಚಪ್ಪಡಿ, ಪಕ್ಕದಲ್ಲಿ ತುಕ್ಕು ಹಿಡಿದ ಬಾಗಿಲು. ಬಾಗಿಲು ಎಳೆದು ಟಾರ್ಚ್ ಬಿಟ್ಟೆವು. ಮೆಟ್ಟಿಲುಗಳು ಒಂದಷ್ಟು ದೂರ ಇಳಿದು ಸೀದಾ ನೀರಿನೊಳಕ್ಕೆ ಹೋಗಿದ್ದವು. ಕಲ್ಲು ಹಾಕಿದೆ. "ಡುಬುಕ್" ಅಂತು. ನಮ್ಮೂರಿನ ಹಾಳು ಬಾವಿಯದ್ದೇ ಸದ್ದು.

ಅದನ್ನು ಕೊಳ್ಳಲು ಹೊರಟಿದ್ದವನು ನನ್ನ ಗೆಳೆಯ. ನಾನು ಸುಮ್ನೆ ಜೊತೆಗೆ ಹೋಗಿದ್ದೆ. ಅವನು ಕೊನೆಗೆ ಕೊಳ್ಳಲಿಲ್ಲ. ಆದರೆ ಆ ಓಡಾಟದಲ್ಲಿ ಕಲಿತದ್ದು ಬಹಳ. ಅಮೆರಿಕದಲ್ಲಿ ಸೇನೆ ಬಿಟ್ಟುಹೋದ ಬಂಕರ್ ಕೊಂಡು ಕಷ್ಟಕಾಲಕ್ಕೆ ಆಸರೆ ಮಾಡಿಕೊಳ್ಳೋಣ ಅಂತ ಯೋಚಿಸುವವರಿಗೆ ಅದನ್ನು ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಈಗಲೇ ತಲೆಯಲ್ಲಿ ಇಟ್ಟುಕೊಳ್ಳಿ: ನೀವು ಕೊಳ್ಳಲು ಹೊರಟಿರುವುದು ಒಂದು ಬಾವಿ. ಬಾವಿಯನ್ನು ಹೇಗೆ ನೋಡಿ ಕೊಳ್ಳುತ್ತೀರೋ ಇದನ್ನೂ ಹಾಗೇ ನೋಡಿ.

ಹೆಜ್ಜೆ 1: ಯಾಕೆ ಬೇಕು?

ಈ ಪ್ರಶ್ನೆಗೆ ಉತ್ತರ ಇಲ್ಲದೆ ಮುಂದೆ ಹೋಗಬೇಡಿ. ಅಣುಯುದ್ಧದ ಭಯವೇ ಕಾರಣ ಅಂತಾದರೆ ಸ್ವಲ್ಪ ಲೆಕ್ಕ ಹಾಕಿ. ಖಂಡಾಂತರ ಕ್ಷಿಪಣಿ ಬಂದು ಬೀಳಲು ಸುಮಾರು ಅರ್ಧ ಗಂಟೆ ಸಾಕು. ನೀವು ನ್ಯೂಜೆರ್ಸಿಯಲ್ಲಿ ಕೆಲಸ ಮಾಡಿಕೊಂಡು ಕಾನ್ಸಾಸ್‌ನಲ್ಲಿ ಬಂಕರ್ ಇಟ್ಟುಕೊಂಡರೆ ಅದಕ್ಕೆ ಅರ್ಥ ಇಲ್ಲ. ಕಾರಿನಲ್ಲಿ ಅರ್ಧ ಗಂಟೆಯೊಳಗೆ ಮುಟ್ಟುವ ಜಾಗವಾದರೆ ಮಾತ್ರ ಯೋಚಿಸಬಹುದು.

ಇನ್ನೊಂದು ಲೆಕ್ಕವೂ ಇದೆ. ಬಾಂಬ್ ಬಿದ್ದ ಮೇಲೆ ಉದುರುವ ವಿಕಿರಣದ ಧೂಳು ಬೇಗ ಬೇಗ ತಣ್ಣಗಾಗುತ್ತದೆ. ಸಮಯ 7 ಪಟ್ಟು ಹೆಚ್ಚಿದಂತೆ ವಿಕಿರಣ 10 ಪಟ್ಟು ಇಳಿಯುತ್ತದೆ ಅನ್ನುವುದು ಹಳೇ ಸೂತ್ರ. ಮೊದಲ ಗಂಟೆಯಲ್ಲಿ ಇದ್ದದ್ದು 7 ಗಂಟೆಗೆ ಹತ್ತರಲ್ಲಿ ಒಂದು ಪಾಲು, ಎರಡು ದಿನಕ್ಕೆ ನೂರರಲ್ಲಿ ಒಂದು ಪಾಲು, ಎರಡು ವಾರಕ್ಕೆ ಸಾವಿರದಲ್ಲಿ ಒಂದು ಪಾಲು. ಅಂದರೆ ನಿಮಗೆ ಬೇಕಾದದ್ದು ಎರಡು ವಾರದ ಅಡಗುತಾಣ. ಬಾಂಬ್ ಬಿದ್ದ ಊರಿಂದ ದೂರ ಇದ್ದರೆ ಮಾಮೂಲಿ ಮನೆಯ ನೆಲಮಾಳಿಗೆಯೇ ಈ ಕೆಲಸದ ದೊಡ್ಡ ಪಾಲು ಮಾಡುತ್ತದೆ. ತಲೆಗೆ ದಿನಕ್ಕೆ 4 ಲೀಟರ್ ನೀರು ಅಂತ ಇಟ್ಟರೆ ನಾಲ್ಕು ಜನಕ್ಕೆ ಎರಡು ವಾರಕ್ಕೆ 224 ಲೀಟರ್. ಒಂದು ದೊಡ್ಡ ಡ್ರಮ್ಮು, ಮೇಲೆ ಒಂದು ಕೊಡ!

ಇಷ್ಟು ಕೇಳಿಯೂ ಬಂಕರ್ ಬೇಕೇ ಬೇಕು ಅನಿಸಿದರೆ ನಿಮಗೆ ಅದು ಇಷ್ಟ ಅಂತಲೇ ಅರ್ಥ. ತಪ್ಪೇನಿಲ್ಲ. ಸುಂಟರಗಾಳಿಗೆ ಹೆದರದ ಮನೆ, ಸದ್ದಿಲ್ಲದ ಜಾಗ, ಚರಿತ್ರೆಯ ಒಂದು ತುಣುಕು, ಇವೆಲ್ಲ ಒಳ್ಳೆಯ ಕಾರಣಗಳೇ. ಮುಂದೆ ಓದಿ.

ಹೆಜ್ಜೆ 2: ಯಾವ ಜಾತಿಯದ್ದು?

"ಮಿಸೈಲ್ ಬಂಕರ್" ಅಂತ ಜಾಹೀರಾತಿನಲ್ಲಿ ಬರುವುದೆಲ್ಲ ಒಂದೇ ಅಲ್ಲ.

ಹೆಚ್ಚು ಹೆಸರು ಮಾಡಿರುವುದು ಅಟ್ಲಾಸ್-ಎಫ್. 1962ರಿಂದ 1965ರವರೆಗೆ ಮಾತ್ರ ಕೆಲಸ ಮಾಡಿದ 72 ಸೈಲೋಗಳು (ಕ್ಷಿಪಣಿಯನ್ನು ನೆಟ್ಟಗೆ ನಿಲ್ಲಿಸಿಡುವ ನೆಲದೊಳಗಿನ ಗುಂಡಿಗಳು) ಇವು. ಕಾನ್ಸಾಸ್‌ನ ಸಲೈನಾ, ನೆಬ್ರಾಸ್ಕಾದ ಲಿಂಕನ್, ಓಕ್ಲಹೋಮಾದ ಆಲ್ಟಸ್, ಟೆಕ್ಸಾಸ್‌ನ ಆಬಿಲೀನ್, ನ್ಯೂ ಮೆಕ್ಸಿಕೋದ ರಾಸ್ವೆಲ್, ನ್ಯೂಯಾರ್ಕ್‌ನ ಪ್ಲಾಟ್ಸ್‌ಬರ್ಗ್, ಈ ಆರು ಊರುಗಳ ಸುತ್ತ ಹನ್ನೆರಡು ಹನ್ನೆರಡರಂತೆ ತೋಡಿದ್ದರು. 174 ಅಡಿ ಆಳ, 52 ಅಡಿ ಅಗಲದ ಕಾಂಕ್ರೀಟ್ ಕೊಳವೆ. ಪಕ್ಕದಲ್ಲಿ ಸುರಂಗದಿಂದ ಸೇರಿಸಿದ, ಎರಡು ಅಂತಸ್ತಿನ ದುಂಡಗಿನ ನಿಯಂತ್ರಣ ಕೋಣೆ. ಜನ ವಾಸಕ್ಕೆ ಬಳಸುವುದು ಹೆಚ್ಚಾಗಿ ಈ ಕೋಣೆಯನ್ನೇ. ಸೈಲೋ ಅನ್ನು ನೋಡಿ ಮರುಳಾಗುತ್ತಾರೆ, ಕೋಣೆಯಲ್ಲಿ ಮಲಗುತ್ತಾರೆ.

ಅಟ್ಲಾಸ್-ಇ ಬೇರೆ ತರಹ. ಇಲ್ಲಿ ಕ್ಷಿಪಣಿಯನ್ನು ಅಡ್ಡ ಮಲಗಿಸಿ ಇಡುತ್ತಿದ್ದರು. ಹಾಗಾಗಿ ಕಟ್ಟಡ ನೆಲಮಟ್ಟದ ಸ್ವಲ್ಪ ಕೆಳಗೇ ಇದೆ, ಒಂದೇ ಅಂತಸ್ತು, ಗಾಡಿಯನ್ನು ಒಳಗೇ ತರಬಹುದು. ಎಫ್ ಸೈಲೋ 100 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡದ ಹೊಡೆತ ತಡೆಯುವಂತೆ ಕಟ್ಟಿದ್ದು, ಇದು 25 ಪಿಎಸ್‌ಐ. ಮನೆ ಮಾಡಿಕೊಳ್ಳಲು ನನ್ನ ಪ್ರಕಾರ ಇದೇ ಒಳ್ಳೆಯದು. ಶಾಲಾ ಮೇಷ್ಟರಾಗಿದ್ದ ಎಡ್ ಪೀಡನ್ 1980ರ ದಶಕದ ಶುರುವಿನಲ್ಲಿ ಟೊಪೀಕಾ ಹತ್ತಿರದ ಇಂಥದ್ದೊಂದನ್ನು ಕೊಂಡರು. ಒಳಗೆಲ್ಲ ನೀರು ನಿಂತಿತ್ತು. ಸಂಸಾರ ಸಮೇತ ಒಳಗೆ ಹೋಗಿ ನೆಲೆಸಿದ್ದು 1994ರಲ್ಲಿ. ನಡುವಿನ ಹತ್ತಕ್ಕೂ ಹೆಚ್ಚು ವರ್ಷವನ್ನು ಗಮನಿಸಿ.

ಟೈಟನ್-1 ತಾಣಗಳು ಭಾರಿ ದೊಡ್ಡವು. ಒಂದೊಂದರಲ್ಲಿ ಮೂರು ಸೈಲೋ, ನಡುವೆ ಉದ್ದುದ್ದ ಸುರಂಗ. ಒಬ್ಬ ಮನುಷ್ಯನ ಕೈಗೆ ಹಿಡಿಯುವ ವಸ್ತುವಲ್ಲ, ಬಿಡಿ. ಟೈಟನ್-2 ತಾಣಗಳನ್ನು 1980ರ ದಶಕದಲ್ಲಿ ಮುಚ್ಚಿದಾಗ ಸೈಲೋದ ತಲೆಯನ್ನೇ ಸ್ಫೋಟಿಸಿ ಮಣ್ಣು ತುಂಬಿದರು. ಕೊಂಡವರು ಅಗೆದು ಅಗೆದು ನಿಯಂತ್ರಣ ಕೋಣೆಯನ್ನು ಮತ್ತೆ ಹೊರತೆಗೆಯಬೇಕು.

ಕಡಿಮೆ ದುಡ್ಡಿನಲ್ಲಿ ಸಿಗುವುದು "ಇಗ್ಲೂ". ಇದು ಮದ್ದುಗುಂಡು ಇಡುತ್ತಿದ್ದ, ಮಣ್ಣು ಹೊದಿಸಿದ ಕಾಂಕ್ರೀಟ್ ಕಮಾನು. ದಕ್ಷಿಣ ಡಕೋಟಾದ ಎಜ್‌ಮಾಂಟ್ ಹತ್ತಿರ 1942ರಲ್ಲಿ ಶುರುವಾಗಿ 1967ರಲ್ಲಿ ಮುಚ್ಚಿದ ಶಸ್ತ್ರಾಗಾರದಲ್ಲಿ ಇಂಥವು ನೂರಾರು ಇವೆ. ಆದರೆ ಎರಡು ವಿಷಯ ಮರೆಯಬೇಡಿ. ಇವು ಬಾಂಬ್ ಇಡಲು ಕಟ್ಟಿದ್ದು, ಮನುಷ್ಯರಿಗಲ್ಲ. ನೀರು, ಶೌಚ, ಕರೆಂಟು ಎಲ್ಲ ನಿಮ್ಮದೇ ತಲೆನೋವು. ಜೊತೆಗೆ ಅಲ್ಲಿ ಸಿಗುವುದು 99 ವರ್ಷದ ಗುತ್ತಿಗೆ, ಸ್ವಂತ ಹಕ್ಕಲ್ಲ. ಗುತ್ತಿಗೆ ಪತ್ರದಲ್ಲಿ ವರ್ಷದ ಬಾಡಿಗೆ, ನಿಯಮ ಮುರಿದರೆ ಖಾಲಿ ಮಾಡಿಸುವ ಷರತ್ತು, ಇವನ್ನು ವಕೀಲರ ಹತ್ತಿರ ಓದಿಸದೆ ಅಡ್ವಾನ್ಸ್ ಕೊಡಬೇಡಿ.

ಜಾಗ ಆರಿಸುವಾಗ ಇನ್ನೊಂದು ತಮಾಷೆ ನೋಡಿ. ಈಗಲೂ ಕೆಲಸದಲ್ಲಿರುವ ಸುಮಾರು 400 ಮಿನಿಟ್‌ಮ್ಯಾನ್ ಕ್ಷಿಪಣಿಗಳು ಮೊಂಟಾನಾ, ಉತ್ತರ ಡಕೋಟಾ, ವಯೋಮಿಂಗ್ ಮತ್ತು ಅದಕ್ಕೆ ತಾಗಿದ ನೆಬ್ರಾಸ್ಕಾ, ಕೊಲರಾಡೋ ಮೂಲೆಗಳಲ್ಲಿವೆ. ಯುದ್ಧವಾದರೆ ವೈರಿ ಮೊದಲು ಗುರಿ ಇಡುವುದು ಅಲ್ಲಿಗೇ. ಚೆಯೆನ್ ಊರಿನ ಸುತ್ತ ಹಳೇ ಅಟ್ಲಾಸ್ ತಾಣಗಳೂ ಇವೆ, ಹೊಸ ಕ್ಷಿಪಣಿಗಳೂ ಇವೆ. ಅಲ್ಲಿ ಆಸರೆ ಹುಡುಕುವುದು ಅಂದರೆ ಹುಲಿಗೆ ಹೆದರಿ ಅದರ ಗುಹೆಯಲ್ಲೇ ಬಚ್ಚಿಟ್ಟುಕೊಂಡ ಹಾಗೆ.

ಹೆಜ್ಜೆ 3: ಹುಡುಕುವುದು

ಈ ಅಟ್ಲಾಸ್ ತಾಣಗಳನ್ನು ಸರ್ಕಾರ 1960ರ ದಶಕದಿಂದಲೇ ಕೈಬಿಡುತ್ತಾ ಬಂದಿದೆ. ಈಗ ಸಿಗುವುದು ಹೆಚ್ಚಾಗಿ ಎರಡನೇ, ಮೂರನೇ ಕೈಯ ಮಾಲು. ಊರಿನ ರಿಯಲ್ ಎಸ್ಟೇಟ್ ಜಾಹೀರಾತು, ತೆರಿಗೆ ಬಾಕಿಗೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮಾಡುವ ಹರಾಜು, ಕೇಂದ್ರ ಸರ್ಕಾರದ ಆಸ್ತಿ ನೋಡಿಕೊಳ್ಳುವ ಜಿಎಸ್‌ಎ ಸಂಸ್ಥೆಯ ಹರಾಜು ವೆಬ್‌ಸೈಟ್, ಈ ಮೂರರ ಮೇಲೂ ಕಣ್ಣಿಡಿ. ಫೋಟೋ ನೋಡಿ ಫೋನ್ ಮಾಡಿದಾಗ ಕೇಳಬೇಕಾದದ್ದು ಒಂದೇ: "ಕೊನೆಯ ಸಲ ಪಂಪ್ ಮಾಡಿದ್ದು ಯಾವಾಗ? ಆಮೇಲೆ ನೀರು ಎಷ್ಟು ದಿನಕ್ಕೆ ವಾಪಸ್ ಬಂತು?" ಈ ಪ್ರಶ್ನೆಗೆ ತಡವರಿಸಿದರೆ ಪೆಟ್ರೋಲ್ ಉಳಿಸಿ.

ಹೆಜ್ಜೆ 4: ಒಳಗೆ ಇಳಿಯುವ ಮುಂಚೆ

ನಮ್ಮ ಕಡೆ ಹಳೇ ಬಾವಿಗೆ ಇಳಿಯುವ ಮುಂಚೆ ಹಗ್ಗ ಕಟ್ಟಿ ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯುತ್ತಿರಲಿಲ್ಲ. ಕಾರಣ ಇಲ್ಲೂ ಅದೇ. ಮುಚ್ಚಿದ ಜಾಗದಲ್ಲಿ ಟನ್ನುಗಟ್ಟಲೆ ಕಬ್ಬಿಣ ತುಕ್ಕು ಹಿಡಿಯುತ್ತಾ ಗಾಳಿಯ ಆಮ್ಲಜನಕವನ್ನು ತಿಂದುಬಿಡುತ್ತದೆ. ಕೊಳೆತ ನೀರಿನಿಂದ ವಿಷದ ಗಾಳಿ ಏಳಬಹುದು. ಆದರೆ ದೀಪದ ಉಪಾಯ ಇಲ್ಲಿ ಬೇಡ. ಉರಿಯುವ ಅನಿಲ ಇದ್ದರೆ ದೀಪವೇ ಅಪಾಯ, ಕೆಲವು ವಿಷಾನಿಲಗಳನ್ನು ದೀಪ ತೋರಿಸುವುದೂ ಇಲ್ಲ. ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಉರಿಯುವ ಅನಿಲ, ನಾಲ್ಕನ್ನೂ ಅಳೆಯುವ ಕೈಯಂತ್ರ ಬಾಡಿಗೆಗೆ ಸಿಗುತ್ತದೆ. ಮೊದಲು ಅದನ್ನು ಹಗ್ಗದಲ್ಲಿ ಇಳಿಬಿಡಿ. ಅದು ಕೂಗಿಕೊಂಡರೆ ಮನೆಗೆ ಹೋಗಿ.

ಒಬ್ಬರೇ ಇಳಿಯಬೇಡಿ. ಒಬ್ಬರಾದರೂ ಮೇಲೆ ಇರಲಿ. ಕೆಳಗೆ ಹೋದವರು ಬಿದ್ದರೆ ಮೇಲಿದ್ದವರು ಹಿಂದೆಯೇ ಹಾರಬಾರದು, ಸಹಾಯಕ್ಕೆ ಕರೆಯಬೇಕು. ನಮ್ಮಲ್ಲಿ ಬಾವಿ, ಮ್ಯಾನ್‌ಹೋಲ್ ದುರಂತಗಳಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುವುದು ಹೀಗೇ ಅಲ್ವಾ?

ಹೆಲ್ಮೆಟ್, ಗಟ್ಟಿ ಬೂಟು, ಎರಡು ಟಾರ್ಚ್ ಇರಲಿ. ಸೈಲೋ ಕಡೆಯ ಸುರಂಗದಲ್ಲಿ ಕಾಲಿಡುವ ಮುಂಚೆ ನೆಲ ಇದೆಯೇ ನೋಡಿ. ಅಟ್ಲಾಸ್ ತಾಣ ಮುಚ್ಚಿದ ಮೇಲೆ ಗುತ್ತಿಗೆ ಹಿಡಿದ ಗುಜರಿಯವರು ಉಕ್ಕು, ತಾಮ್ರ, ಜನರೇಟರ್ ಎಲ್ಲ ಕಿತ್ತುಕೊಂಡು ಹೋಗಿದ್ದಾರೆ. ಮೆಟ್ಟಿಲು, ಕಟಾಂಜನವನ್ನೂ ಬಿಟ್ಟಿರುವುದಿಲ್ಲ. ಸುರಂಗ ಮುಗಿದಲ್ಲಿ ನೂರಕ್ಕೂ ಹೆಚ್ಚು ಅಡಿ ಆಳದ ಬಾಯಿ ಸುಮ್ನೆ ತೆರೆದುಕೊಂಡಿರುತ್ತದೆ. ಸುಲಿದ ಪೈಪಿನ ಹೊದಿಕೆ ಪುಡಿಪುಡಿಯಾಗಿ ಬಿದ್ದಿದ್ದರೆ ಮುಟ್ಟಬೇಡಿ, ಅದು ಆಸ್ಬೆಸ್ಟಾಸ್ ಆಗಿರಬಹುದು. ಬಾಗಿಲ ಬುಡದಲ್ಲಿ ಹಾವು ಮಲಗಿರುವುದೂ ಉಂಟು.

ಹೆಜ್ಜೆ 5: ನೀರು, ನೀರು, ನೀರು

ಸೇನೆ ಇದ್ದಾಗ ಸಂಪ್ ಪಂಪುಗಳು ಹಗಲೂ ರಾತ್ರಿ ಒಳಗೆ ಜಿನುಗಿದ ನೀರನ್ನು ಎತ್ತಿ ಹೊರಗೆ ಚೆಲ್ಲುತ್ತಿದ್ದವು. (ನಮ್ಮ ಬೆಂಗಳೂರಿನ ಸಂಪ್ ನೀರು ತುಂಬಿಕೊಳ್ಳಲು, ಅಲ್ಲಿನ ಸಂಪ್ ನೀರು ಓಡಿಸಲು. ಈ ಗೊಂದಲದಲ್ಲಿ ನನ್ನ ಗೆಳೆಯನ ಹೆಂಡತಿ ಮೊದಲ ದಿನ "ಇಷ್ಟು ದೊಡ್ಡ ಸಂಪ್ ಇದೆಯಾ!" ಅಂತ ಖುಷಿಪಟ್ಟಿದ್ದರು.) ಪಂಪ್ ನಿಂತಿತು, ಅಂತರ್ಜಲ ನುಗ್ಗಿತು. ಟೆಕ್ಸಾಸ್‌ನ ಆಬಿಲೀನ್ ಹತ್ತಿರ ಅಟ್ಲಾಸ್-ಎಫ್ ಸೈಲೋ ಒಂದರಲ್ಲಿ ನೀರು ಎಷ್ಟು ತುಂಬಿತ್ತೆಂದರೆ ಅದನ್ನು ಸ್ಕೂಬಾ ಡೈವಿಂಗ್ ಕೊಳ ಮಾಡಿಕೊಂಡರು. ಅದೂ ಒಂದು ಉಪಯೋಗವೇ.

ಲೆಕ್ಕ ಹಾಕೋಣ. 52 ಅಡಿ ಅಗಲದ ಕೊಳವೆಯಲ್ಲಿ 100 ಅಡಿ ನೀರು ನಿಂತರೆ ಸುಮಾರು 60 ಲಕ್ಷ ಲೀಟರ್. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 500 ಲೋಡು. ಎತ್ತಿ ಹಾಕಿದರೂ ಬುಗ್ಗೆ ನಿಲ್ಲದಿದ್ದರೆ ಅಷ್ಟೂ ಮತ್ತೆ ಬರುತ್ತದೆ.

ಹಾಗಾಗಿ ಗೋಡೆ ನೋಡಿ. ಕೆರೆಯ ಕಲ್ಲಿನ ಮೇಲೆ ಇರುವ ಹಾಗೆ ನೀರಿನ ಗೆರೆಗಳು ಇರುತ್ತವೆ. ಒಂದೇ ಗೆರೆ ಇದ್ದರೆ ಮಟ್ಟ ಬಹಳ ಕಾಲದಿಂದ ಅಲ್ಲೇ ನಿಂತಿದೆ. ಗೆರೆಯ ಮೇಲೆ ಗೆರೆ ಇದ್ದರೆ ಮಳೆಗಾಲಕ್ಕೆ ಏರಿ ಬೇಸಗೆಗೆ ಇಳಿಯುತ್ತಿದೆ. ಮಳೆನೀರು ಮೇಲಿನಿಂದ ಸೋರಿ ಬಂದಿದ್ದರೆ ರಿಪೇರಿ ಸಾಧ್ಯ. ಅಂತರ್ಜಲ ಬದಿಯಿಂದ ಬರುತ್ತಿದ್ದರೆ ಜೀವನಪೂರ್ತಿ ಪಂಪ್. ಸುತ್ತಲಿನ ಹೊಲದ ಬೋರ್‌ವೆಲ್‌ಗಳಲ್ಲಿ ನೀರು ಎಷ್ಟು ಅಡಿಗೆ ಇದೆ ಅಂತ ತಿಳಿದರೆ ಅರ್ಧ ಉತ್ತರ ಸಿಕ್ಕಿತು. ಕಾನ್ಸಾಸ್‌ನಲ್ಲಿ ರಾಜ್ಯದ ಭೂವಿಜ್ಞಾನ ಇಲಾಖೆ ಬಾವಿಗಳ ದಾಖಲೆಯನ್ನು ಎಲ್ಲರಿಗೂ ತೆರೆದಿಟ್ಟಿದೆ.

ನೀರಿನ ಜೊತೆ ಇನ್ನೊಂದು ಕಂಟಕ ಟಿಸಿಇ, ಅಂದರೆ ಟ್ರೈಕ್ಲೋರೋಎಥಿಲೀನ್. ಅಟ್ಲಾಸ್ ಕ್ಷಿಪಣಿಗೆ ಸೀಮೆಎಣ್ಣೆಯಂಥ ಇಂಧನ, ಉರಿಸಲು ದ್ರವ ಆಮ್ಲಜನಕ. ಆ ಆಮ್ಲಜನಕದ ಕೊಳವೆಯಲ್ಲಿ ಚೂರು ಎಣ್ಣೆ ಜಿಡ್ಡು ಉಳಿದರೂ ಸ್ಫೋಟ. ಅದಕ್ಕೆ ಟಿಸಿಇ ಹಾಕಿ ತೊಳೆಯುತ್ತಿದ್ದರು, ತೊಳೆದದ್ದು ನೆಲಕ್ಕೆ ಹೋಯಿತು. ಚೆಯೆನ್‌ನ ಪಶ್ಚಿಮಕ್ಕಿರುವ ಒಂದು ತಾಣದಿಂದ ಅದು ಅಂತರ್ಜಲದಲ್ಲಿ ಮೈಲುಗಟ್ಟಲೆ ಹರಡಿದೆ. ಕ್ಯಾನ್ಸರ್ ತರುವ ವಸ್ತು ಇದು. ಕುಡಿಯುವ ನೀರಿನಲ್ಲಿ ಲೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು ಅಂತ ಅಮೆರಿಕದ ನಿಯಮ.

ಆದ್ದರಿಂದ ಸೈಲೋ ನೀರು, ಬಾವಿಯ ನೀರು ಎರಡನ್ನೂ ಲ್ಯಾಬಿಗೆ ಕೊಡಿ. ವರದಿ ಬರುವವರೆಗೆ ಪಂಪ್ ಹಾಕಬೇಡಿ. ಕೆಟ್ಟ ನೀರನ್ನು ಪಕ್ಕದ ಹಳ್ಳಕ್ಕೆ ಬಿಟ್ಟರೆ ರಾಜ್ಯದ ಪರಿಸರ ಇಲಾಖೆ ಬಂದು ದಂಡ ಹಾಕುವುದು ನಿಮಗೇ, ಅರವತ್ತು ವರ್ಷದ ಹಿಂದಿನ ಸೈನಿಕರಿಗಲ್ಲ. ನೀರು ಖಾಲಿ ಮಾಡಲು ಅನುಮತಿ ಸಿಕ್ಕರೂ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕೇಳಿ. ಹೊರಗಿನ ನೀರಿನ ಒತ್ತಡವನ್ನು ಇಷ್ಟು ಕಾಲ ಒಳಗಿನ ನೀರು ಸಮತೂಗಿಸಿಕೊಂಡು ನಿಂತಿರುತ್ತದೆ.

ಹೆಜ್ಜೆ 6: ಕಾಗದ ಪತ್ರ

ಊರಲ್ಲಿ ಸೈಟ್ ಕೊಳ್ಳುವಾಗ ಇಸಿ, ತಾಯಿಪತ್ರ ಕೇಳುತ್ತೀರಲ್ಲ, ಇಲ್ಲೂ ಹಾಗೇ. ಕೌಂಟಿ ಕಚೇರಿಯಲ್ಲಿ ಸರ್ಕಾರದಿಂದ ಈಚೆಗೆ ಯಾರ ಯಾರ ಕೈ ದಾಟಿ ಬಂದಿದೆ ನೋಡಿ. ಮಾರುವವರು "ಕ್ವಿಟ್‌ಕ್ಲೇಮ್" ಪತ್ರ ಕೊಡುತ್ತೇನೆ ಅಂದರೆ ಎಚ್ಚರ. "ನನ್ನದೇನಾದರೂ ಹಕ್ಕಿದ್ದರೆ ಅದು ನಿನಗೆ" ಅಂತ ಮಾತ್ರ ಅದರ ಅರ್ಥ. "ವಾರಂಟಿ ಡೀಡ್" ಕೇಳಿ, ಟೈಟಲ್ ಇನ್ಶೂರೆನ್ಸ್ ಮಾಡಿಸಿ. ದಾರಿ ಯಾರದ್ದು, ನೀರಿನ ಪೈಪು ಯಾರ ಹೊಲದಲ್ಲಿ ಹಾದಿದೆ, ಗಣಿ ಹಕ್ಕು ಯಾರ ಕೈಯಲ್ಲಿದೆ, ಅಲ್ಲಿ ವಾಸಕ್ಕೆ ಕೌಂಟಿ ಒಪ್ಪುತ್ತದೆಯೇ, ಇವೆಲ್ಲ ಬರಹದಲ್ಲಿ ಬೇಕು.

ಎಲ್ಲಕ್ಕಿಂತ ಮುಖ್ಯ "ಫೇಸ್ ಒನ್" ಅನ್ನುವ ಪರಿಸರ ತಪಾಸಣೆ. ಅಮೆರಿಕದ ಕಾನೂನಿನಲ್ಲಿ ಮಲಿನವಾದ ಜಮೀನನ್ನು ಕೊಂಡವರ ತಲೆಗೇ ಶುದ್ಧಮಾಡುವ ಖರ್ಚು ಬರಬಹುದು. 2002ರ ತಿದ್ದುಪಡಿ, ಮಲಿನ ಅಂತ ಗೊತ್ತಿದ್ದೇ ಖರೀದಿಸಿದವರಿಗೂ ರಕ್ಷಣೆ ಕೊಟ್ಟಿದೆ, ಆದರೆ ಕೊಳ್ಳುವ ಮುಂಚೆ ಸರಿಯಾದ ತಪಾಸಣೆ ಮಾಡಿಸಿದ್ದರೆ ಮಾತ್ರ. ಕ್ರಯ ಆದ ಮಾರನೇ ದಿನ ಮಾಡಿಸಿದರೆ ಅದಕ್ಕೆ ಬೆಲೆ ಇಲ್ಲ. ಹಳೇ ಸೇನಾ ತಾಣಗಳನ್ನು ಶುಚಿಮಾಡುವ ಹೊಣೆ ಸೇನೆಯ ಎಂಜಿನಿಯರುಗಳ ದಳದ್ದು. ನಿಮ್ಮ ತಾಣದ ಕಡತ ಅವರ ಹತ್ತಿರ ಇದೆಯೇ ಕೇಳಿ ನೋಡಿ. ಸೇನೆಯ ನಂತರದ ಚರಿತ್ರೆಯೂ ಬೇಕು. ಕಾನ್ಸಾಸ್‌ನ ವಾಮಿಗೋ ಹತ್ತಿರದ ಅಟ್ಲಾಸ್-ಇ ತಾಣದಲ್ಲಿ 2000ರಲ್ಲಿ ಪೊಲೀಸರಿಗೆ ಸಿಕ್ಕಿದ್ದು ಎಲ್‌ಎಸ್‌ಡಿ ತಯಾರಿಸುವ ಸಾಮಾನು!

ನಮ್ಮವರಿಗೆ ಎರಡು ಮಾತು. ಗ್ರೀನ್ ಕಾರ್ಡ್ ಇಲ್ಲದೆ ಎಚ್-1ಬಿ ವೀಸಾದಲ್ಲಿ ಇರುವವರು ಕೃಷಿ ಜಮೀನು ಕೊಂಡರೆ 1978ರ ಕಾನೂನಿನ ಪ್ರಕಾರ 90 ದಿನದೊಳಗೆ ಅಮೆರಿಕದ ಕೃಷಿ ಇಲಾಖೆಗೆ ತಿಳಿಸಬೇಕು. ಬಂಕರಿನ ಸುತ್ತ ಹೊಲ ಇದ್ದರೆ ಇದು ನಿಮಗೂ ಬರಬಹುದು. ಭಾರತದಲ್ಲೇ ಇದ್ದು ಇಲ್ಲಿಂದ ದುಡ್ಡು ಕಳಿಸುವವರಿಗೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸುವ ಯೋಜನೆ) ಮಿತಿ ಒಬ್ಬರಿಗೆ ಹಣಕಾಸು ವರ್ಷಕ್ಕೆ 2,50,000 ಡಾಲರ್.

ಹೆಜ್ಜೆ 7: ದುಡ್ಡು

ಇಂಥ ಆಸ್ತಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ನಗದು, ಇಲ್ಲವೇ ಮಾರುವವರಿಗೇ ಕಂತು ಕಟ್ಟುವ ಒಪ್ಪಂದ. ಕಂತಿನ ಒಪ್ಪಂದದಲ್ಲಿ ಹಕ್ಕುಪತ್ರ ಕೊನೆಗೆ ಕೈಗೆ ಬರುವುದರಿಂದ ವಕೀಲರು ಬೇಕೇ ಬೇಕು. ವಿಮೆ ಸಿಗುತ್ತದೆಯೇ ಅಂತ ಮೊದಲೇ ವಿಚಾರಿಸಿ.

ಕೊಳ್ಳುವ ಬೆಲೆ ಚಿಕ್ಕ ಭಾಗ. ಲ್ಯಾರಿ ಹಾಲ್ ಅನ್ನುವವರು 2008ರಲ್ಲಿ ಕಾನ್ಸಾಸ್‌ನ ಅಟ್ಲಾಸ್-ಎಫ್ ಸೈಲೋ ಒಂದನ್ನು 3 ಲಕ್ಷ ಡಾಲರಿಗೆ ಕೊಂಡು ನೆಲದೊಳಗೆ 15 ಅಂತಸ್ತಿನ ಐಷಾರಾಮಿ ಫ್ಲ್ಯಾಟ್ ಮಾಡಿದರು. ಖರ್ಚಾದದ್ದು ಹೆಚ್ಚುಕಡಿಮೆ 2 ಕೋಟಿ ಡಾಲರ್. ನಿಮಗೆ ಈಜುಕೊಳ ಬೇಡ, ಸರಿ. ಆದರೂ ಒಂದು ಕೋಣೆಯನ್ನು ಒಣಗಿಸಿ ಗಾಳಿ, ಕರೆಂಟು, ಶೌಚ ಮಾಡಿಸುವ ಅಂದಾಜನ್ನು ಗುತ್ತಿಗೆದಾರರಿಂದ ಬರೆಸಿಕೊಳ್ಳದೆ ಬೆಲೆ ಮಾತಾಡಬೇಡಿ.

ಹೆಜ್ಜೆ 8: ಕೊಂಡ ಮೇಲೆ ಯಾವುದು ಮೊದಲು

ಮೊದಲು ಬೇಲಿ ಮತ್ತು ಬೀಗ. ಹುಡುಗರು ಕುತೂಹಲಕ್ಕೆ ಇಳಿದು ಬಿದ್ದರೆ ಹೊಣೆ ನಿಮ್ಮ ಮೇಲೆ ಬರಬಹುದು. ಸೈಲೋದ ಬಾಯಿಗೆ ಗಟ್ಟಿ ತಡೆ ಹಾಕಿಸಿ.

ಆಮೇಲೆ ನೀರು. ಒಂದಲ್ಲ, ಎರಡು ಪಂಪ್, ಎರಡನೆಯದು ಬ್ಯಾಟರಿಯದ್ದು. ಜೋರು ಮಳೆಗೇ ಕರೆಂಟು ಹೋಗುವುದು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನೀರು ಬರುವುದು ನಿಂತ ಮೇಲೆ ಆಸ್ಬೆಸ್ಟಾಸ್, ಸೀಸದ ಬಣ್ಣ, ಹಳೇ ವಿದ್ಯುತ್ ಉಪಕರಣದಲ್ಲಿರುವ ಪಿಸಿಬಿ ಅನ್ನುವ ವಿಷದ ಎಣ್ಣೆ. ಇವನ್ನು ತೆಗೆಸಲು ಲೈಸೆನ್ಸ್ ಇದ್ದವರನ್ನೇ ಕರೆಯಿರಿ.

ಮೂರನೆಯದು ಗಾಳಿ. ಕಾನ್ಸಾಸ್‌ನ ನೆಲದೊಳಗೆ ವರ್ಷವಿಡೀ ಹೆಚ್ಚುಕಡಿಮೆ 13-14 ಡಿಗ್ರಿ ಸೆಲ್ಸಿಯಸ್. ಕೇಳಲು ಎಸಿ ಹಾಕಿದ ಹಾಗಿದೆ. ಆದರೆ ಬೇಸಗೆಯಲ್ಲಿ ಬಾಗಿಲು ತೆರೆದಿಟ್ಟರೆ ಹೊರಗಿನ ಬಿಸಿ ತೇವದ ಗಾಳಿ ಒಳಗೆ ಬಂದು ಗೋಡೆಯೆಲ್ಲ ಬೆವರುತ್ತದೆ, ಮಲೆನಾಡಿನ ಮನೆಯ ನೆಲ ಮಳೆಗಾಲದಲ್ಲಿ ಬೆವರುವ ಹಾಗೆ. "ಗಾಳಿ ಆಡಲಿ" ಅಂತ ತೆರೆದದ್ದೇ ಬೂಷ್ಟಿಗೆ ದಾರಿ. ಬಾಗಿಲು ಮುಚ್ಚಿ, ತೇವ ಹೀರುವ ಯಂತ್ರ ಓಡಿಸಿ, ಹೊರಗಿನ ಗಾಳಿಯನ್ನು ಫಿಲ್ಟರ್ ಮೂಲಕ ಅಳತೆಗೆ ತಕ್ಕಂತೆ ತನ್ನಿ. ನೆಲದಿಂದ ಏಳುವ ರೇಡಾನ್ ಅನಿಲದ ಪರೀಕ್ಷೆಯೂ ಆಗಲಿ, ಲೀಟರ್ ಗಾಳಿಗೆ 4 ಪಿಕೋಕ್ಯೂರಿ (ವಿಕಿರಣದ ಅಳತೆ) ಮುಟ್ಟಿದರೆ ಹೊರಹಾಕುವ ವ್ಯವಸ್ಥೆ ಬೇಕು. ಜನರೇಟರ್ ಯಾವ ಕಾರಣಕ್ಕೂ ಒಳಗೆ ಬೇಡ. ಅದರ ಹೊಗೆ ಎಲ್ಲರನ್ನೂ ನಿದ್ದೆಯಲ್ಲೇ ಮುಗಿಸುತ್ತದೆ.

ಎರಡನೇ ದಾರಿ ಇರಲೇಬೇಕು. ಅಟ್ಲಾಸ್-ಎಫ್ ನಿಯಂತ್ರಣ ಕೋಣೆಯಲ್ಲಿ ಮರಳು ತುಂಬಿದ ತಪ್ಪಿಸಿಕೊಳ್ಳುವ ಕೊಳವೆ ಇತ್ತು. ಬಾಗಿಲು ಸಿಕ್ಕಿಕೊಂಡರೆ ಕೆಳಗಿನ ಮುಚ್ಚಳ ತೆಗೆದು ಮರಳನ್ನು ಒಳಗೆ ಸುರಿಸಿಕೊಂಡು ಮೇಲೆ ಹತ್ತುವುದು. ನಿಮ್ಮದರಲ್ಲಿ ಅದು ಉಳಿದಿದ್ದರೆ ಮರಳು ತೆಗೆಸಿ ಏಣಿ ಹಾಕಿಸಿ.

ಇದಕ್ಕೆಲ್ಲ ಮುಂಚೆ, ಸಾಧ್ಯವಾದರೆ ಅಡ್ವಾನ್ಸ್ ಕೊಡುವ ಮುಂಚೆಯೇ, ಪಕ್ಕದ ಹೊಲದ ರೈತರ ಮನೆಗೆ ಹೋಗಿ. ನಾವು ವಾಪಸ್ ಬರುವಾಗ ಹೋದೆವು. ಅಜ್ಜ ಒಬ್ಬರು ಟ್ರ್ಯಾಕ್ಟರ್ ನಿಲ್ಲಿಸಿ ಮಾತಾಡಿದರು. ಹಿಂದಿನ ಇಬ್ಬರು ಮಾಲೀಕರೂ ಪಂಪ್ ಹಾಕಿದ್ದರಂತೆ. ಒಬ್ಬರದ್ದು ನಾಲ್ಕು ತಿಂಗಳು, ಇನ್ನೊಬ್ಬರದ್ದು ಒಂದು ಬೇಸಗೆ. "ಆಮೇಲೆ?" ಅಂದ ಗೆಳೆಯ. ಅಜ್ಜ ಕೈಯನ್ನು ಸೊಂಟದಿಂದ ಎದೆಯವರೆಗೆ ಮೆಲ್ಲಗೆ ಎತ್ತಿ ತೋರಿಸಿದರು.